ಎನ್‌ಎಫ್‌ಎಲ್ ಆಚೆಗಿನ ಫುಟ್‌ಬಾಲ್

ಅಮೆರಿಕನ್ ಫುಟ್‌ಬಾಲಿನ ಅತಿ ದೊಡ್ಡ ಲೀಗಾದ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯ ಸೂಪರ್ ಬೌಲ್ ಫೆಬ್ರವರಿಯಲ್ಲಿ ಮುಗಿದ ಮೇಲೆ ಮುಂದಿನ ಋತುವಿಗೆ ಸೆಪ್ಟೆಂಬರ್‌ವರೆಗೆ ಕಾಯಬೇಕು. ಅಮೆರಿಕನ್ ಫುಟ್‌ಬಾಲಿನಲ್ಲಿ ಬೇರೆ ಲೀಗುಗಳಿಲ್ಲವೆಂದಲ್ಲ. ಅವನ್ನು ಬಹಳಷ್ಟು ಮಂದಿ ಎರಡನೇ ದರ್ಜೆಯ ಆಟವೆಂದು ತಳ್ಳಿಹಾಕುತ್ತಾರೆ. ಆಟಗಾರರ ವೇಗವನ್ನೂ ಕಸುವನ್ನೂ ಮಾತ್ರ ಅಳೆಯುವುದಾದರೆ ಆ ಮಾತನ್ನು ಅಲ್ಲಗಳೆಯುವುದು ಕಷ್ಟ. ಆದರೆ ಮೈದಾನದ ಅಳತೆಯನ್ನೋ, ಆಟಗಾರರ ಸಂಖ್ಯೆಯನ್ನೋ, ಒಂದೇ ಒಂದು ನಿಯಮವನ್ನೋ ಬದಲಿಸಿದಾಗ ತರಬೇತುದಾರರ ಇಡೀ ಲೆಕ್ಕಾಚಾರ ಹೇಗೆ ತಲೆಕೆಳಗಾಗುತ್ತದೆ ಎಂದು ನೋಡುವ ಕುತೂಹಲ ಇದ್ದವರಿಗೆ ಈ ಲೀಗುಗಳು ಎನ್‌ಎಫ್‌ಎಲ್‌ಗಿಂತ ಹೆಚ್ಚು ರುಚಿಸುತ್ತವೆ. ಎನ್‌ಎಫ್‌ಎಲ್‌ನ ಪಡಿಯಚ್ಚಿನಂತಿರುವ ಲೀಗನ್ನು ಮಾತ್ರ ನಾನು ಹೆಚ್ಚು ಹೊತ್ತು ನೋಡಲಾರೆ.

ಎಕ್ಸ್‌ಎಫ್‌ಎಲ್ ಮತ್ತು ಯುಎಸ್‌ಎಫ್‌ಎಲ್ ಎಂಬ ಎರಡು ವಸಂತಕಾಲದ ಲೀಗುಗಳು ಕೂಡಿಕೊಂಡು 2024ರಲ್ಲಿ 8 ತಂಡಗಳ ಯುಎಫ್‌ಎಲ್ ಆರಂಭವಾಯಿತು. ಟಚ್‌ಡೌನ್ (ಚೆಂಡನ್ನು ಮೈದಾನದ ತುದಿಯ ಎಂಡ್ ಜೋನ್‌ಗೆ ಒಯ್ದು 6 ಅಂಕ ಗಳಿಸುವುದು) ಆದ ಬಳಿಕ ಚೆಂಡನ್ನು ಒದ್ದು ಸುಲಭವಾಗಿ 1 ಅಂಕ ಗಳಿಸುವ ಅವಕಾಶ ಆ ಮೊದಲ ಋತುವಿನಲ್ಲಿ ಇರಲಿಲ್ಲ. 2 ಗಜ ದೂರದಿಂದ ಆಡಿ ಎಂಡ್ ಜೋನ್ ಮುಟ್ಟಿದರೆ 1 ಅಂಕ, 5 ಗಜದಿಂದ 2, 10 ಗಜದಿಂದ 3. ಹೀಗಾಗಿ 18 ಅಂಕಗಳ ಹಿನ್ನಡೆಯನ್ನೂ ಎರಡು ಟಚ್‌ಡೌನ್‌ಗಳಲ್ಲಿ ಸರಿಗಟ್ಟಬಹುದಾಗಿತ್ತು. ಇಂಥ ಪ್ರಯೋಗಗಳನ್ನು ಕಂಡು ನಗುವವರು ಒಂದು ಸಂಗತಿಯನ್ನು ಗಮನಿಸಬೇಕು. ಕಿಕ್‌ಆಫ್, ಅಂದರೆ ಚೆಂಡನ್ನು ದೂರಕ್ಕೆ ಒದ್ದು ಆಟ ಶುರುಮಾಡುವ ವೇಳೆ ಎರಡೂ ಕಡೆಯವರು ದೂರದಿಂದ ಓಡಿಬಂದು ಡಿಕ್ಕಿ ಹೊಡೆಯುವುದನ್ನು ತಪ್ಪಿಸಲು ಎಕ್ಸ್‌ಎಫ್‌ಎಲ್ 2020ರಲ್ಲಿ ಅವರನ್ನು ಎದುರುಬದುರು ಹತ್ತಿರ ನಿಲ್ಲಿಸಿ, ಚೆಂಡು ಹಿಡಿಯುವವರೆಗೆ ಕದಲಬಾರದೆಂದು ನಿಯಮ ಮಾಡಿತು. 2024ರಲ್ಲಿ ಎನ್‌ಎಫ್‌ಎಲ್ ಅದನ್ನೇ ಕೊಂಚ ತಿದ್ದಿ ತನ್ನದಾಗಿಸಿಕೊಂಡಿತು.

ಯುಎಫ್‌ಎಲ್‌ನಿಂದ ಮೇಲೆ ಬಂದ ಆಟಗಾರರಲ್ಲಿ ನನಗೆ ಅಚ್ಚುಮೆಚ್ಚಿನವರು ಕಿಕ್ಕರ್ (ಚೆಂಡು ಒದೆಯುವ ಆಟಗಾರ) ಜೇಕ್ ಬೇಟ್ಸ್. ಇಟ್ಟಿಗೆ ಮಾರಾಟದ ಕೆಲಸ ಮಾಡಿದ್ದ ಅವರು 2024ರ ಮಾರ್ಚ್‌ನಲ್ಲಿ ಮಿಷಿಗನ್ ಪ್ಯಾಂಥರ್ಸ್ ಪರವಾಗಿ ಡೆಟ್ರಾಯ್ಟ್‌ನ ಫೋರ್ಡ್ ಫೀಲ್ಡ್‌ನಲ್ಲಿ ಕಣಕ್ಕಿಳಿದರು. ಸೇಂಟ್ ಲೂಯಿಸ್ ವಿರುದ್ಧದ ಪಂದ್ಯದ ಕೊನೆಯ ಗಳಿಗೆಯಲ್ಲಿ ಅವರು 64 ಗಜ ದೂರದಿಂದ ಒದ್ದ ಚೆಂಡು ಗೋಲ್ ಕಂಬಗಳ ನಡುವೆ ಹಾದುಹೋಯಿತು (ಇದೇ 3 ಅಂಕದ ಫೀಲ್ಡ್ ಗೋಲ್). ಆದರೆ ಎದುರಾಳಿಗಳು ಅದಕ್ಕೂ ಮುನ್ನವೇ ಟೈಮ್‌ಔಟ್ ಕೇಳಿದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ. ಬೇಟ್ಸ್ ಮತ್ತೆ ಬಂದು ನಿಂತು, ಅದೇ 64 ಗಜದಿಂದ ಮತ್ತೊಮ್ಮೆ ಒದ್ದು ಪಂದ್ಯ ಗೆಲ್ಲಿಸಿದರು. ಆಗ ಎನ್‌ಎಫ್‌ಎಲ್‌ನ ದಾಖಲೆಯೇ 66 ಗಜವಾಗಿತ್ತು. ಆ ವರ್ಷದ ಶರತ್ಕಾಲಕ್ಕೆ ಅವರು ಅದೇ ಕ್ರೀಡಾಂಗಣದಲ್ಲಿ ಡೆಟ್ರಾಯ್ಟ್ ಲಯನ್ಸ್ ತಂಡದ ಕಿಕ್ಕರ್ ಆಗಿದ್ದರು.

ಒಳಾಂಗಣ ಫುಟ್‌ಬಾಲ್ ಎಲ್ಲರಿಗೂ ಒಗ್ಗುವುದಿಲ್ಲ. 1981ರಲ್ಲಿ ಜಿಮ್ ಫಾಸ್ಟರ್ ಒಳಾಂಗಣ ಸಾಕರ್ ಪಂದ್ಯ ನೋಡುತ್ತಾ ಲಕೋಟೆಯೊಂದರ ಮೇಲೆ ಗೀಚಿಕೊಂಡ ನಕ್ಷೆಯಿಂದ ಹುಟ್ಟಿದ ಅರೀನಾ ಫುಟ್‌ಬಾಲ್ 1987ರಲ್ಲಿ ಶುರುವಾಯಿತು: 50 ಗಜದ ಮೈದಾನ, ತಂಡಕ್ಕೆ 8 ಜನ, ಅಂಚಿನಲ್ಲಿ ಮೆತ್ತೆ ಹೊದಿಸಿದ ಗೋಡೆ. ಮೂಲ ಲೀಗು 2019ರಲ್ಲಿ ಮುಚ್ಚಿಹೋದರೂ ಇಂಡೋರ್ ಫುಟ್‌ಬಾಲ್ ಲೀಗ್‌ನಲ್ಲಿ ಹೆಚ್ಚುಕಡಿಮೆ ಅದೇ ಬಗೆಯ ಆಟ ಈಗಲೂ ಸಿಗುತ್ತದೆ. ಎಡೆಬಿಡದೆ ಅಂಕಗಳು ಬೀಳುವುದರಿಂದ ಅರ್ಧ ಪಂದ್ಯದ ಹೊತ್ತಿಗೆ ನನಗೆ ದಣಿವಾಗುತ್ತದೆ. ಆದರೆ ಅಷ್ಟು ಇಕ್ಕಟ್ಟಿನಲ್ಲಿ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಎಷ್ಟು ಬೇಗ ನಿರ್ಧರಿಸಬೇಕಾಗುತ್ತದೆ ಎಂಬುದನ್ನು ಕಂಡ ಮೇಲೆ, ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಎಂಬ ಅರೀನಾ ತಂಡದಲ್ಲಿ ಪಳಗಿದ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್ ಮುಂದೆ ಸೂಪರ್ ಬೌಲ್ ಗೆದ್ದದ್ದು ಆಶ್ಚರ್ಯವೆನಿಸುವುದಿಲ್ಲ.

2021ರಲ್ಲಿ ಆರಂಭವಾದ ಯುರೋಪಿಯನ್ ಲೀಗ್ ಆಫ್ ಫುಟ್‌ಬಾಲ್ ನನ್ನನ್ನು ಅಷ್ಟಾಗಿ ಸೆಳೆಯಲಿಲ್ಲ. ಫ್ರಾಂಕ್‌ಫರ್ಟ್ ಗ್ಯಾಲಕ್ಸಿ, ರೈನ್ ಫೈರ್ ಎಂಬ ತಂಡದ ಹೆಸರುಗಳೇ 2007ರಲ್ಲಿ ಮುಚ್ಚಿದ ಎನ್‌ಎಫ್‌ಎಲ್ ಯುರೋಪ್ ಎಂಬ ಹಳೆಯ ಲೀಗಿನಿಂದ ಬಂದವು.

ಜಪಾನಿನ ಎಕ್ಸ್ ಲೀಗಿನ ಮಾತು ಬೇರೆ. ಅಲ್ಲಿನ ಹಲವು ತಂಡಗಳು ಫುಜಿತ್ಸು, ಪ್ಯಾನಸೋನಿಕ್‌ನಂಥ ಕಂಪನಿಗಳವು. ಬಹುಪಾಲು ಆಟಗಾರರು ವಾರವಿಡೀ ಕಚೇರಿ ಕೆಲಸ ಮಾಡಿ ಬಿಡುವಿನಲ್ಲಿ ಅಭ್ಯಾಸ ಮಾಡುವವರು. ಜನವರಿ 3ರಂದು ಟೋಕಿಯೊ ಡೋಮ್‌ನಲ್ಲಿ ನಡೆಯುತ್ತಿದ್ದ ರೈಸ್ ಬೌಲ್‌ನಲ್ಲಿ 2021ರವರೆಗೆ ಲೀಗಿನ ಚಾಂಪಿಯನ್ನರು ವಿಶ್ವವಿದ್ಯಾಲಯಗಳ ಚಾಂಪಿಯನ್ನರನ್ನು ಎದುರಿಸುತ್ತಿದ್ದರು. ವಿದ್ಯಾರ್ಥಿಗಳು ಸಾಟಿಯಾಗದೆ ಹೋದದ್ದರಿಂದ ಮರುವರ್ಷದಿಂದ ಅದು ಎಕ್ಸ್ ಲೀಗಿನ ಅಂತಿಮ ಪಂದ್ಯವೇ ಆಯಿತು. 1999 ಮತ್ತು 2003ರ ವಿಶ್ವ ಚಾಂಪಿಯನ್‌ಷಿಪ್‌ಗಳನ್ನು ಗೆದ್ದದ್ದು ಜಪಾನ್. ಅಮೆರಿಕ ಮೊದಲ ಬಾರಿ ತಂಡ ಕಳಿಸಿದ್ದು 2007ರಲ್ಲಿ. ಆಗಲೂ ಫೈನಲ್‌ನಲ್ಲಿ ಜಪಾನನ್ನು ಮಣಿಸಲು ಅದಕ್ಕೆ ಹೆಚ್ಚುವರಿ ಅವಧಿ ಬೇಕಾಯಿತು.

ಇಷ್ಟೆಲ್ಲ ಇದ್ದರೂ ಒಂದೇ ಲೀಗನ್ನು ಆರಿಸಿಕೊಳ್ಳಿ ಎಂದರೆ ನಾನು ಕೆನಡಾದ ಸಿಎಫ್‌ಎಲ್ ಹೆಸರನ್ನೇ ಹೇಳುತ್ತೇನೆ. ಜೂನ್‌ನಿಂದ ನವೆಂಬರ್‌ವರೆಗೆ ನಡೆಯುವ ಈ ಲೀಗಿನಲ್ಲಿರುವುದು 9 ತಂಡಗಳು. ಗೆದ್ದವರಿಗೆ ಸಿಗುವ ಗ್ರೇ ಕಪ್ 1909ರಷ್ಟು ಹಳೆಯದು. ಇಲ್ಲಿ 10 ಗಜ ಸಾಗಲು ಸಿಗುವುದು ಎನ್‌ಎಫ್‌ಎಲ್‌ನಂತೆ ನಾಲ್ಕಲ್ಲ, ಮೂರೇ ಡೌನ್ (ಯತ್ನ). ಮೊದಲ ಡೌನಿನಲ್ಲಿ ಓಡಿ 2 ಗಜ ಮಾತ್ರ ಗಳಿಸಿದ ತಂಡ ಎರಡನೆಯದರಲ್ಲಿ ಚೆಂಡನ್ನು ಎಸೆಯಲೇಬೇಕು, ಇಲ್ಲವಾದರೆ ಮೂರನೆಯದರಲ್ಲಿ ಪಂಟ್ ಮಾಡಬೇಕು, ಅಂದರೆ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸಬೇಕು. ಎಸೆತಕ್ಕೆ ಬೇಕಾದ ಜಾಗವೂ ಧಾರಾಳವಾಗಿದೆ: ಮೈದಾನ 110 ಗಜ ಉದ್ದ, 65 ಗಜ ಅಗಲ, ಎಂಡ್ ಜೋನ್ 20 ಗಜ ಆಳ. ಎಸೆತ ಹಿಡಿಯುವ ರಿಸೀವರ್‌ಗಳು ಚೆಂಡು ಆಟಕ್ಕೆ ಬರುವ ಮುನ್ನವೇ ಮುಂದಕ್ಕೆ ಓಡತೊಡಗಿ, ಅದು ಆಟಕ್ಕೆ ಬಂದೊಡನೆ ಗೆರೆಯನ್ನು ಪೂರ್ಣ ವೇಗದಲ್ಲಿ ದಾಟಬಹುದು. ರಕ್ಷಣೆಯವರು ಚೆಂಡಿನಿಂದ ಒಂದು ಗಜ ಹಿಂದೆ ನಿಲ್ಲಬೇಕಾದ್ದರಿಂದ ಮೂರನೆಯ ಡೌನಿನಲ್ಲಿ ಒಂದು ಗಜ ಬೇಕಿದ್ದರೆ ತಂಡಗಳು ಪಂಟ್ ಮಾಡದೆ ನುಗ್ಗಿಬಿಡುತ್ತವೆ. ಪಂಟ್ ಹಿಡಿಯುವವನು ಕೈಯೆತ್ತಿ ಆಟ ನಿಲ್ಲಿಸುವಂತಿಲ್ಲ. ಎದುರಾಳಿಗಳು ಅವನಿಗೆ 5 ಗಜ ಜಾಗ ಬಿಡಬೇಕು, ಅವನು ಓಡಬೇಕು.

ಪ್ರತಿ ತಂಡಕ್ಕೆ 12 ಆಟಗಾರರು ಎಂಬ ನಿಯಮ 2009ರ ಗ್ರೇ ಕಪ್ ಫೈನಲನ್ನೇ ತಿರುಗಿಸಿತು. ಕ್ಯಾಲ್ಗರಿಯಲ್ಲಿ ಸಸ್ಕಾಚೆವಾನ್ ರಫ್‌ರೈಡರ್ಸ್ ಕೊನೆಯ ಕ್ವಾರ್ಟರ್‌ನಲ್ಲಿ 27–11ರಿಂದ ಮುಂದಿತ್ತು. ಮಾಂಟ್ರಿಯಲ್ ಅಲುವೆಟ್ಸ್ ಅಂತರವನ್ನು ಎರಡೇ ಅಂಕಗಳಿಗೆ ಇಳಿಸಿತು. ಕಟ್ಟಕಡೆಗೆ ಡೇಮನ್ ಡುವಾಲ್ 43 ಗಜದಿಂದ ಒದ್ದ ಫೀಲ್ಡ್ ಗೋಲ್ ಗುರಿ ತಪ್ಪಿತು. ರಫ್‌ರೈಡರ್ಸ್ ಸಂಭ್ರಮಿಸುತ್ತಿರುವಾಗಲೇ ಅವರ 13 ಮಂದಿ ಮೈದಾನದಲ್ಲಿದ್ದರೆಂದು ದಂಡ ಬಿತ್ತು. 10 ಗಜ ಹತ್ತಿರದಿಂದ ಮತ್ತೆ ಒದ್ದ ಡುವಾಲ್ ಈ ಬಾರಿ ತಪ್ಪಲಿಲ್ಲ. ಮಾಂಟ್ರಿಯಲ್ 28–27ರಿಂದ ಕಪ್ ಎತ್ತಿತು. ವರ್ಷಗಳಿಂದ ತಮ್ಮನ್ನು ತಂಡದ 'ಹದಿಮೂರನೆಯ ಆಟಗಾರ' ಎಂದು ಕರೆದುಕೊಳ್ಳುತ್ತಿದ್ದ ಸಸ್ಕಾಚೆವಾನ್ ಅಭಿಮಾನಿಗಳ ಪಾಡು ಊಹಿಸಿಕೊಳ್ಳಿ.

ಈ ಮೈದಾನ ಹೀಗೆಯೇ ಉಳಿಯುವುದಿಲ್ಲ. 2027ರಿಂದ ಮೈದಾನವನ್ನು 100 ಗಜಕ್ಕೂ ಎಂಡ್ ಜೋನನ್ನು 15 ಗಜಕ್ಕೂ ಇಳಿಸಿ, ಗೋಲ್ ಕಂಬಗಳನ್ನು ಹಿಂದಕ್ಕೆ ಸರಿಸುವುದಾಗಿ ಲೀಗು 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಗುರಿ ತಪ್ಪಿದ ಒದೆತಕ್ಕೂ ಅಂಕ ಕೊಡುವ 'ರೂಜ್' ನಿಯಮಕ್ಕೂ ಕತ್ತರಿ ಬಿದ್ದಿದೆ. ಟಚ್‌ಡೌನ್‌ಗಳು ಹೆಚ್ಚಲೆಂಬುದು ಲೀಗಿನ ಉದ್ದೇಶ. ಆಟಗಾರರಲ್ಲೇ ಹಲವರು ಬಹಿರಂಗವಾಗಿ ವಿರೋಧಿಸಿದರು. ಮೂರು ಡೌನ್, 12 ಆಟಗಾರರು, 65 ಗಜದ ಅಗಲ ಉಳಿಯುವುದರಿಂದ ಲೀಗು ತನ್ನತನ ಪೂರಾ ಕಳೆದುಕೊಳ್ಳುವುದಿಲ್ಲವೆಂದೇ ನನ್ನ ಅಂದಾಜು. ಆದರೂ ಸಿಎಫ್‌ಎಲ್ ನೋಡುವ ಮನಸ್ಸಿದ್ದವರು 110 ಗಜದ ಮೈದಾನ ಇರುವಾಗಲೇ ಶುರುಮಾಡುವುದು ಒಳ್ಳೆಯದು.