ಬ್ಯಾಗು ಯಾರ ಕೈಲಿದೆಯೋ ಮಾತು ಅವರದು

ಆಸ್ಕರ್ ವೈಲ್ಡ್ ಬರೆದ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ನಮಗೆ ಬಿ.ಎ. ಕೊನೆಯ ವರ್ಷದಲ್ಲಿ ಪಠ್ಯವಾಗಿತ್ತು. 1895ರ ಫೆಬ್ರವರಿಯಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರಿನಲ್ಲಿ ಮೊದಲ ಸಲ ಆಡಿದ ನಾಟಕ. ಜನ ಬಿದ್ದು ಬಿದ್ದು ನಗುವ ನಾಟಕ ಅಂತ ಗೈಡಿನಲ್ಲಿ ಬರೆದಿತ್ತು. ಸಿರ್ಸಿಯ ಮಳೆಗಾಲದಲ್ಲಿ ಮೂಲೆ ಬೆಂಚಿನಲ್ಲಿ ಕೂತು ಓದಿದ ನಮಗೆ ಮಾತ್ರ ಒಂದು ಕಡೆಯೂ ನಗು ಬರಲಿಲ್ಲ. ಸೌತೆಕಾಯಿ ಸ್ಯಾಂಡ್‌ವಿಚ್ ಬಗ್ಗೆ ಇವರು ಇಷ್ಟು ಹೊತ್ತು ಯಾಕೆ ಮಾತಾಡ್ತಾರೆ ಅಂತ ಗೆಳತಿ ಕೇಳಿದಳು. ನನಗೂ ಗೊತ್ತಿರಲಿಲ್ಲ.

ಕಾಲೇಜಿನ ವಾರ್ಷಿಕೋತ್ಸವಕ್ಕೆ ಅದರ ಒಂದು ದೃಶ್ಯ ಆಡಿಸಬೇಕು ಅಂತ ಮೇಡಂ ಮನಸ್ಸಿನಲ್ಲಿತ್ತು. ಇದೇ ನಾಟಕದ 1952ರ ಸಿನಿಮಾ ತೋರಿಸೋಣ, ಮಾತಿನ ಧಾಟಿ ಹಿಡಿದುಕೊಳ್ಳಲಿ ಅಂತ ಪ್ರೊಜೆಕ್ಟರ್ ಎಲ್ಲ ಹೊಂದಿಸಿಟ್ಟಿದ್ದರು. ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಇಲ್ಲಿ ಮಳೆ ಜೋರಾದರೆ ಎಲ್ಲೋ ಒಂದು ಮರ ತಂತಿಯ ಮೇಲೆ ಬೀಳುತ್ತದೆ, ಅದು ಹೊಸ ವಿಷಯ ಏನಲ್ಲ. ಮೇಡಂ ಸ್ವಲ್ಪ ಹೊತ್ತು ಪ್ರೊಜೆಕ್ಟರನ್ನೇ ನೋಡುತ್ತ ನಿಂತರು, ಆಮೇಲೆ ತಮ್ಮ ಕಪ್ಪು ಬ್ಯಾಗು ತೆಗೆದು ಅದರಲ್ಲಿದ್ದ ಟಿಫಿನ್ ಡಬ್ಬಿ, ಕೊಡೆ, ಬಸ್ ಪಾಸು, ಮಾತ್ರೆ ಶೀಟು ಎಲ್ಲ ಮೇಜಿನ ಮೇಲೆ ಸುರಿದು, ಚೀಟಿ ಬರೆಯಲು ಶುರು ಮಾಡಿದರು.

ದೃಶ್ಯ ಇದು. ಜಾಕ್ ವರ್ದಿಂಗ್ ಅನ್ನುವವನು ಗ್ವೆಂಡೊಲೆನ್‌ಳನ್ನು ಮದುವೆಯಾಗಬೇಕು. ಅವಳ ಅಮ್ಮ ಲೇಡಿ ಬ್ರಾಕ್ನೆಲ್ ಪೆನ್ಸಿಲ್ಲು, ನೋಟ್‌ಬುಕ್ ಹಿಡಿದು ಅವನನ್ನು ವಿಚಾರಿಸುತ್ತಾಳೆ. ಸಿಗರೇಟು ಸೇದ್ತೀಯಾ? ಸೇದ್ತೇನೆ. ಸಂತೋಷ, ಗಂಡಸಿಗೆ ಏನಾದರೂ ಒಂದು ಉದ್ಯೋಗ ಇರಬೇಕು. ವಯಸ್ಸೆಷ್ಟು? ಇಪ್ಪತ್ತೊಂಬತ್ತು. ವರ್ಷಕ್ಕೆ ಆದಾಯ? ಲಂಡನ್ನಿನಲ್ಲಿ ಮನೆ ಇದೆಯಾ, ಯಾವ ಬೀದಿ, ಎಷ್ಟನೇ ನಂಬರು? ನಂಬರ್ ಹೇಳಿದರೆ, ಅಯ್ಯೋ, ಅದು ಫ್ಯಾಷನ್ ಇಲ್ಲದ ಕಡೆ ಅನ್ನುತ್ತಾಳೆ.

ನಮ್ಮ ಕಡೆ ಅಡಿಕೆ ತೋಟ ನೋಡಿಕೊಂಡು ಊರಲ್ಲೇ ಇರುವ ಹುಡುಗರಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಅಂತ ಎಲ್ಲರಿಗೂ ಗೊತ್ತಲ್ವಾ. ತೋಟ ಎಷ್ಟು ಎಕರೆ, ಮನೆ ತನಕ ರಸ್ತೆ ಇದೆಯಾ, ಬೆಂಗಳೂರಲ್ಲಿ ಸ್ವಂತ ಫ್ಲಾಟ್ ಇದೆಯಾ, ಇದ್ದರೆ ಯಾವ ಏರಿಯಾ. ಕ್ಲಾಸಿನ ಅರ್ಧ ಜನರ ಅಣ್ಣಂದಿರು ಈ ಪರೀಕ್ಷೆಯಲ್ಲಿ ಫೇಲಾದವರೇ. ಗೈಡು ಹೇಳದೆ ಬಿಟ್ಟದ್ದು ಇದನ್ನೇ ನೋಡಿ.

ಆಟದ ನಿಯಮ ಸುಲಭ. ಪ್ರಶ್ನೆ, ಉತ್ತರ ಬೇರೆ ಬೇರೆ ಚೀಟಿಯಲ್ಲಿ. ಬ್ಯಾಗಿನಿಂದ ಒಬ್ಬೊಬ್ಬರು ಒಂದೊಂದು ಎತ್ತಬೇಕು, ಓದಿ ವಾಪಸ್ ಹಾಕಬೇಕು. ಎಲ್ಲರೂ ಸುತ್ತ ನಿಲ್ಲಬೇಕು. ಪ್ರಶ್ನೆ ಇದ್ದವರು ಬ್ಯಾಗು ಹಿಡಿದು ಹೇಳುತ್ತಾರೆ, ಅದಕ್ಕೆ ಉತ್ತರ ತನ್ನದು ಅನ್ನಿಸಿದವರು ಬಂದು ಬ್ಯಾಗು ಕಸಿದುಕೊಂಡು ಹೇಳಬೇಕು. ಒಂದು ಪದ ಆಚೀಚೆ ಆದರೂ ಬ್ಯಾಗು ಮೊದಲಿನವರಿಗೆ ವಾಪಸ್, ಆಟ ಸಿಗರೇಟಿನಿಂದ ಮತ್ತೆ ಶುರು.

ಚೀಟಿ ಕೈಯಲ್ಲಿಲ್ಲ, ಹಾಗಾಗಿ ನನ್ನ ಮಾತು ಯಾವುದರ ಹಿಂದೆ ಬರುತ್ತದೆ ಅಂತ ಕಿವಿಗೊಟ್ಟು ಕೇಳಲೇಬೇಕು. ಮನೆಯಲ್ಲಿ ಬಾಯಿಪಾಠ ಮಾಡುವಾಗ ನಾವು ನಮ್ಮ ಸಾಲು ಮಾತ್ರ ಉರು ಹೊಡೆಯುತ್ತೇವೆ, ಎದುರಿನವರ ಮಾತು ಯಾರಿಗೆ ಬೇಕು! ಇಲ್ಲಿ ಅದೇ ಬೇಕು. ಸಿಗರೇಟು, ವಯಸ್ಸು ಎಲ್ಲರ ಬಾಯಿಗೆ ಬೇಗ ಹತ್ತಿತು, ಯಾಕೆಂದರೆ ಪ್ರತಿ ಸಲ ಅಲ್ಲಿಂದಲೇ ಶುರು. ಕೊನೆಯ ಭಾಗಕ್ಕೆ ಆಟ ಮುಟ್ಟುತ್ತಲೇ ಇರಲಿಲ್ಲ. ಮೇಡಂ ಅದನ್ನು ಗಮನಿಸಿ, ಹಿಂದಿನಿಂದ ಬನ್ನಿ ಅಂದರು. ಕೊನೆಯ ಜೋಡಿ ಮೊದಲು, ಆಮೇಲೆ ಅದರ ಹಿಂದಿನದೂ ಸೇರಿಸಿ, ಹಾಗೆ. ಮುಂದೆ ಹೋದಷ್ಟೂ ಗೊತ್ತಿರುವ ಜಾಗವೇ ಬರುವುದರಿಂದ ಧೈರ್ಯ ಜಾಸ್ತಿಯಾಗುತ್ತದೆ. ಪಾಠ ಮಾಡುವವರು ಇದೊಂದನ್ನು ಪ್ರಯತ್ನಿಸಿ ನೋಡಬೇಕು.

ತೊಂದರೆ ಆದದ್ದು ಯಲ್ಲಾಪುರ ಕಡೆಯ ಒಬ್ಬ ಹುಡುಗನಿಂದ. ಅವನ ಮನೆಯಲ್ಲಿ ತಾಳಮದ್ದಳೆಯ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನದ, ನಂಟು. ಅಲ್ಲಿ ಭಾಗವತರು ಹಾಡುವ ಪದ್ಯ ಮಾತ್ರ ಮೊದಲೇ ನಿಗದಿ, ಅರ್ಥ ಹೇಳುವುದು ಅವರವರ ತಾಕತ್ತು. ಎದುರಾಳಿ ಒಂದು ಎಸೆದರೆ ಇವರು ನಾಲ್ಕು ಎಸೆಯಬೇಕು. ಅವನ ಕೈಗೆ ಬಂದದ್ದು ಈ ಮಾತು: ಅಪ್ಪ ಅಮ್ಮನಲ್ಲಿ ಒಬ್ಬರನ್ನು ಕಳೆದುಕೊಂಡರೆ ದುರದೃಷ್ಟ ಅನ್ನಬಹುದು ಮಿಸ್ಟರ್ ವರ್ದಿಂಗ್, ಇಬ್ಬರನ್ನೂ ಕಳೆದುಕೊಂಡರೆ ಅದು ಬೇಜವಾಬ್ದಾರಿ ಥರ ಕಾಣುತ್ತದೆ. ಅವನು ಅದನ್ನು ಸುಮ್ನೆ ಹೇಳುತ್ತಾನಾ? ದುರದೃಷ್ಟ ಎಂದರೇನು ಅಂತ ಶುರು ಮಾಡಿದ. ಬ್ಯಾಗು ವಾಪಸ್. ಮತ್ತೆ ಹೇಳಿದ, ‘ಬೇಜವಾಬ್ದಾರಿ’ ಆದ ಮೇಲೆ ಇನ್ನೆರಡು ಪದ ಸೇರಿಸಿದ. ವಾಪಸ್.

ಅವನಿಗೆ ಸಿಟ್ಟು ಬಂತು. ಆದರೆ ನನ್ನ ಪ್ರಕಾರ ಮೇಡಂ ಸರಿ. ವೈಲ್ಡನ ನಗು ವಾಕ್ಯದ ಕಟ್ಟಕಡೆಗೆ ಕೂತಿರುತ್ತದೆ. ಮೊದಲರ್ಧ ಗಂಭೀರವಾಗಿ ಬಂದು, ಎರಡನೇ ಅರ್ಧ ಅದೇ ಅಳತೆಯಲ್ಲಿ ಬಂದು, ಕೊನೆಯ ಪದಕ್ಕೆ ಪಟ್ಟನೆ ಮಗುಚಿ ಬೀಳಬೇಕು. ಅದರ ಮೇಲೆ ಇನ್ನೊಂದು ಮಾತು ಇಟ್ಟರೆ ನಗು ಸತ್ತಿತು.

ನಾನು ಜಾಕ್ ಆಗಿದ್ದೆ. ನಮ್ಮ ಕ್ಲಾಸಿನಲ್ಲಿ ಹುಡುಗರೇ ಕಡಿಮೆ, ಇದ್ದ ಒಳ್ಳೆಯ ಮಾತುಗಾರ, ಆ ಯಲ್ಲಾಪುರದ ಹುಡುಗನೇ, ಲೇಡಿ ಬ್ರಾಕ್ನೆಲ್ ಆದ. ಜಾಕ್ ಹುಟ್ಟಿದ್ದೆಲ್ಲಿ ಅಂತ ಅವನಿಗೇ ಗೊತ್ತಿಲ್ಲ, ವಿಕ್ಟೋರಿಯಾ ಸ್ಟೇಷನ್ನಿನ ಕ್ಲೋಕ್‌ರೂಮಿನಲ್ಲಿ ಒಂದು ಹ್ಯಾಂಡ್‌ಬ್ಯಾಗಿನೊಳಗೆ ಸಿಕ್ಕ ಮಗು. ಸಿರ್ಸಿಗೆ ರೈಲೇ ಇಲ್ಲ, ಕ್ಲೋಕ್‌ರೂಮ್ ಅಂದರೆ ಸಾಮಾನಿಟ್ಟು ಚೀಟಿ ತೆಗೆದುಕೊಳ್ಳುವ ಕೋಣೆ ಅಂತ ಮೇಡಂ ವಿವರಿಸಬೇಕಾಯಿತು. ‘ಎ ಹ್ಯಾಂಡ್‌ಬ್ಯಾಗ್?’ ಅನ್ನುವ ಲೇಡಿ ಬ್ರಾಕ್ನೆಲ್‌ಳ ಉದ್ಗಾರವನ್ನು ಸಿನಿಮಾದಲ್ಲಿ ಈಡಿತ್ ಇವಾನ್ಸ್ ಎಷ್ಟು ಎಳೆದಿದ್ದಾರೆ ಅಂತ ಆಮೇಲೆ ಮೊಬೈಲಿನಲ್ಲಿ ನೋಡಿದೆವು. ನಮ್ಮ ಹುಡುಗ ಅದಕ್ಕಿಂತ ಜಾಸ್ತಿ ಎಳೆದಿದ್ದ.

ವಾರ್ಷಿಕೋತ್ಸವದ ದಿನ ಅವನು ಒಂದಕ್ಷರ ಬದಲಿಸಲಿಲ್ಲ. ಬದಲಿಸಿದ್ದು ನಾನು. ವಿಕ್ಟೋರಿಯಾ ಸ್ಟೇಷನ್ನಾ ಅಂತ ಕೇಳಿದಾಗ ‘ಹೌದು, ಬ್ರೈಟನ್ ಲೈನು’ ಅಂತ ರೈಲು ದಾರಿಯ ಹೆಸರು ಹೇಳಬೇಕಾದಲ್ಲಿ ‘ಹೌದು, ಕೊಂಕಣ ಲೈನು’ ಅಂದೆ. ಮೊದಲೇ ಯೋಚಿಸಿಟ್ಟುಕೊಂಡಿದ್ದೆ, ಮೇಡಂಗೆ ಹೇಳಿರಲಿಲ್ಲ. ಲೇಡಿ ಬ್ರಾಕ್ನೆಲ್ ಕಣ್ಣು ಮಿಟುಕಿಸದೆ, ಪುಸ್ತಕದಲ್ಲಿ ಇದ್ದ ಹಾಗೆಯೇ, ಲೈನ್ ಯಾವುದಾದರೇನು ಅದು ಮುಖ್ಯವಲ್ಲ ಅಂದ. ಅವತ್ತು ಅತಿ ಜಾಸ್ತಿ ನಗು ಬಂದದ್ದು ಅಲ್ಲಿ.

ನಮ್ಮತ್ತೆ ಮುಂದಿನ ಸಾಲಲ್ಲೇ ಇದ್ದರು. ಇಂಗ್ಲಿಷ್ ಅಷ್ಟಾಗಿ ಬರದಿದ್ದರೂ ಪೆನ್ಸಿಲ್ಲು ಹಿಡಿದು ಆದಾಯ ಕೇಳಿದ್ದು ಅವರಿಗೆ ಪೂರ್ತಿ ಅರ್ಥವಾಗಿತ್ತು. ಹೊರಗೆ ಬಂದ ಕೂಡಲೇ ಕೇಳಿದರು, “ಕಡೆಗೆ ಆ ಮಾಣಿಗೆ ಹೆಣ್ಣು ಸಿಕ್ತಾ?”

“ಸಿಗ್ತದೆ ಅತ್ತೆ, ಮೂರನೇ ಅಂಕದಲ್ಲಿ. ನಾವು ಮಾಡಿದ್ದು ಮೊದಲನೆಯದರಲ್ಲಿ ಸ್ವಲ್ಪ ಮಾತ್ರ.”

“ಅಷ್ಟಾದರೂ ಬೇಗ ಸಿಕ್ತಲ್ಲ” ಅಂದರು ಅತ್ತೆ.