ಮೊದಲಿಂದ ಹೇಳಿ ಅಮ್ಮಾ

ಮಂಗಳವಾರ ದೊಡ್ಡಮ್ಮನ ಜೊತೆ ಕೋರ್ಟಿಗೆ ಹೋಗಿದ್ದೆ. ಆವತ್ತಿಂದ ಸರಿಯಾಗಿ ನಿದ್ದೆ ಬಂದಿಲ್ಲ.

ಅಣ್ಣನ ಕೊಲೆ ಕೇಸಿಗೆ ಪೊಲೀಸರು ಸಿ ರಿಪೋರ್ಟ್ ಹಾಕಿದ್ದಾರೆ. ಪತ್ತೆಯಾಗಲಿಲ್ಲ, ಮುಚ್ಚಿಬಿಡಿ ಅಂತ. ಕೇಸು ಮುಚ್ಚುವ ಮೊದಲು ದೂರು ಕೊಟ್ಟವರ ಮಾತು ಕೇಳಬೇಕು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಹಾಗಾಗಿ ನಮಗೆ ನೋಟಿಸ್ ಬಂತು.

ಕೋರ್ಟ್ ಹಾಲಿನ ಹೊರಗೆ ಹೊಸ ತನಿಖಾಧಿಕಾರಿ ಸಿಕ್ಕರು. ಒಳ್ಳೆಯ ಮನುಷ್ಯ. ಎದ್ದು ನಿಂತು ದೊಡ್ಡಮ್ಮನಿಗೆ ಬೆಂಚಿನಲ್ಲಿ ಜಾಗ ಕೊಟ್ಟರು. ಆಮೇಲೆ, "ಏನಾಗಿತ್ತು, ಮೊದಲಿಂದ ಹೇಳಿ ಅಮ್ಮಾ" ಎಂದರು.

ಒಂಬತ್ತು ವರ್ಷಗಳಲ್ಲಿ ಇವರು ಆರನೆಯವರು. ಆರೂ ಜನ ಇದನ್ನೇ ಕೇಳಿದ್ದಾರೆ. ದೊಡ್ಡಮ್ಮ ಆರು ಸಲವೂ ಮೊದಲಿಂದ ಹೇಳಿದ್ದಾರೆ. ತೆಗೆದಿದ್ದ ಗೇಟು, ಉರಿಯುತ್ತಲೇ ಇದ್ದ ಲೈಟು, ಅಂಗಳದಲ್ಲಿ ಬಿದ್ದಿದ್ದ ಒಂಟಿ ಚಪ್ಪಲಿ. ಅದು ಅಣ್ಣನದಲ್ಲ.

ಅಧಿಕಾರಿ ಫೈಲಿನ ದಾರ ಬಿಚ್ಚಿದರು. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರು, ಮತ್ತೆ ತಿರುವಿದರು. "ಮಹಜರಿನಲ್ಲಿ ಚಪ್ಪಲಿನೇ ಇಲ್ವಲ್ಲ ಅಮ್ಮಾ."

ದೊಡ್ಡಮ್ಮ ಏನೂ ಹೇಳಲಿಲ್ಲ. ಸೆರಗು ಸರಿ ಮಾಡಿಕೊಂಡರು, ಅಷ್ಟೇ.

ಆ ಮಾತು ತಲೆಯಿಂದ ಹೋಗ್ತಾನೇ ಇಲ್ಲ. ಇಲ್ವಲ್ಲ ಅಮ್ಮಾ. ಒಂಬತ್ತು ವರ್ಷದಲ್ಲಿ ಆ ಠಾಣೆಗೆ ಸಂಬಂಧವಿಲ್ಲದ ಒಬ್ಬರು, ಒಂದೇ ಒಂದು ಸಲ ಆ ಫೈಲು ಓದಿದ್ದರೆ ಸಾಕಿತ್ತು ಅಲ್ವಾ? ನಾವು ತಕರಾರು ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟ್ ಇನ್ನಷ್ಟು ತನಿಖೆ ಮಾಡಿ ಅನ್ನಬಹುದು. ಮಾಡೋರು ಯಾರು? ಅದೇ ಠಾಣೆ.

ಪೊಲೀಸರ ಮೇಲಿನ ದೂರು ಕೇಳೋಕೆ ಪ್ರತಿ ರಾಜ್ಯದಲ್ಲೂ ಪೊಲೀಸ್ ದೂರು ಪ್ರಾಧಿಕಾರ ಇರಬೇಕು, ತನಿಖೆಯನ್ನೂ ಬಂದೋಬಸ್ತನ್ನೂ ಬೇರೆ ಬೇರೆ ಮಾಡಬೇಕು ಅಂತ 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ನಮ್ಮ ರಾಜ್ಯದಲ್ಲೂ ಪ್ರಾಧಿಕಾರ ಇದೆ. ಆದರೆ ಅಲ್ಲಿ ಹೋಗಿ ಏನಂತ ದೂರು ಕೊಡೋಣ? ನಮ್ಮನ್ನು ಯಾರೂ ಹೊಡೆದಿಲ್ಲ, ಲಂಚ ಕೇಳಿಲ್ಲ. ಸುಮ್ನೆ ನೋಡಿಲ್ಲ, ಅಷ್ಟೇ.

ಹೊರಗಿನ ಕಣ್ಣೊಂದು ಮೇಲಿದ್ದರೆ ಕೆಲಸ ಆಗುತ್ತದೆ. ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಮನೆಯಲ್ಲಿ ಕೊಂದಿದ್ದು 2015ರ ಆಗಸ್ಟ್ 30ರಂದು. ವರ್ಷಗಳು ಹೋದವು, ಆರೋಪಪಟ್ಟಿ ಬರಲಿಲ್ಲ. ಅವರ ಹೆಂಡತಿ ಸುಪ್ರೀಂ ಕೋರ್ಟಿಗೆ ಹೋದರು. 2019ರ ಫೆಬ್ರವರಿಯಲ್ಲಿ ಕೋರ್ಟು ಆ ಕೇಸನ್ನು ಗೌರಿ ಲಂಕೇಶ್ ಹತ್ಯೆಯ ತನಿಖೆ ಮಾಡುತ್ತಿದ್ದ ವಿಶೇಷ ತಂಡ, ಎಸ್‌ಐಟಿಗೆ ಕೊಟ್ಟಿತು. ಹೈಕೋರ್ಟಿನ ಧಾರವಾಡ ಪೀಠ ಅದರ ಮೇಲೆ ಕಣ್ಣಿಡಲಿ ಎಂದಿತು. ಆ ಆಗಸ್ಟಿನಲ್ಲೇ ಆರೋಪಪಟ್ಟಿ ಬಂತು. ಅಷ್ಟು ದೊಡ್ಡ ವಿದ್ವಾಂಸರ ಮನೆಯವರೇ ದೆಹಲಿವರೆಗೆ ಹೋಗಬೇಕಾಯಿತು. ದೊಡ್ಡಮ್ಮ ಎಲ್ಲಿಗೆ ಹೋಗಬೇಕು?

"ಹೋದವನು ವಾಪಸ್ ಬರ್ತಾನಾ, ಬಿಟ್ಟುಬಿಡಿ" ಅಂತಾರೆ ಚಿಕ್ಕಪ್ಪ. ಅವರ ಮೇಲೆ ನನಗೆ ಪೊಲೀಸರಿಗಿಂತ ಜಾಸ್ತಿ ಸಿಟ್ಟಿದೆ.

ನಿನ್ನೆ ದೊಡ್ಡಮ್ಮ ಒಂದು ನೋಟ್‌ಬುಕ್ ತರಿಸಿಕೊಂಡರು. ವಕೀಲರಿಗೆ ಕೊಡೋಕೆ ಎಲ್ಲವನ್ನೂ ಅವರೇ ಬರೆಯುತ್ತಿದ್ದಾರೆ. ಮೊದಲ ಸಾಲಿನಲ್ಲೇ ಚಪ್ಪಲಿ ಇದೆ. ಎಡಗಾಲಿನದು, ಕಂದು ಬಣ್ಣ, ಉಂಗುಷ್ಟ ಕಿತ್ತಿತ್ತು.