ಮದುವೆ ಮಾಡಿದ್ರೆ ಸರಿಹೋಗುತ್ತಾ ಅಂತ ಕೇಳುವವರಿಗೆ

ಇಲ್ಲ. ಸರಿಹೋಗಲ್ಲ.

ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ಯಾರೂ ಎದ್ದು ಹೋಗುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿ ನನ್ನ ಕೆಲಸ ನೋಡಿಕೊಳ್ಳುತ್ತೇನೆ.

ನಾನು ಸಣ್ಣ ಊರಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ಡಾಕ್ಟರ್. ಜ್ವರ, ಶುಗರ್, ಬಿಪಿ ನೋಡುವವಳು. ಮಗ ಕುಡೀತಾನೆ, ಮದುವೆ ಮಾಡಿದ್ರೆ ಸರಿಹೋಗ್ತಾನಾ? ಮಗಳಿಗೆ ಮುಟ್ಟಿನ ಹೊಟ್ಟೆನೋವು, ಮದುವೆಯಾದ್ರೆ ಹೋಗುತ್ತಂತೆ, ಹೌದಾ? ತಮ್ಮ ಒಬ್ಬನೇ ನಗ್ತಾನೆ, ಯಾರ ಜೊತೆಗೂ ಸೇರಲ್ಲ, ಒಂದು ಹುಡುಗಿ ನೋಡೋಣ್ವಾ? ಕೇಳುವಾಗಲೇ ಲಗ್ನಪತ್ರಿಕೆ ಅಚ್ಚಿಗೆ ಹೋಗಿರುತ್ತದೆ. ನನ್ನಿಂದ ಬೇಕಾಗಿರುವುದು ಒಂದು ‘ಹ್ಞೂಂ’.

ಒಮ್ಮೆ ಸಂಬಂಧಿಕರ ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಗೆ ದೂರದ ದೊಡ್ಡಪ್ಪ ಒಬ್ಬರು. ಕೋಸಂಬರಿ ಬಡಿಸಿ ಮುಗಿದಿರಲಿಲ್ಲ, ಶುರು ಮಾಡಿದರು. ‘ನಮ್ಮ ಹುಡುಗನಿಗೆ ಇನ್ನೂ ಮಾತ್ರೆ ನಡೀತಾನೇ ಇದೆ ಕಣಮ್ಮ. ಒಂದು ಮದುವೆ ಅಂತ ಮಾಡಿಬಿಟ್ರೆ ಎಲ್ಲ ನಿಲ್ಲುತ್ತಲ್ವಾ?’

ಹುಡುಗನಿಗೆ ಫಿಟ್ಸ್. ಮಾತ್ರೆ ತಪ್ಪದೆ ತೆಗೆದುಕೊಂಡು ಚೆನ್ನಾಗಿಯೇ ಇದ್ದ. ಕೆಲಸಕ್ಕೂ ಹೋಗುತ್ತಿದ್ದ. ಮದುವೆ ಧಾರಾಳವಾಗಿ ಮಾಡಿ ದೊಡ್ಡಪ್ಪ, ಮಾತ್ರೆ ಮಾತ್ರ ನಿಲ್ಲಿಸಬೇಡಿ, ಹುಡುಗಿಯ ಮನೆಯವರಿಗೆ ಮೊದಲೇ ಹೇಳಿಬಿಡಿ ಅಂದೆ.

‘ಹೇಳಿದ್ರೆ ಹೆಣ್ಣು ಕೊಡ್ತಾರಾ?’ ಅಂದವರೇ ಬಡಿಸುವವನನ್ನು ಕೂಗಿದರು. ‘ಏಯ್, ಡಾಕ್ಟರಮ್ಮನಿಗೆ ಇನ್ನೊಂದು ಸೌಟು ಪಾಯಸ ಹಾಕಪ್ಪ.’ ಅಲ್ಲಿಗೆ ನನ್ನ ಬಾಯಿ ಮುಚ್ಚಿತು.

ಆವತ್ತು ನುಂಗಿಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ಚಪ್ಪರದ ದಿನದಿಂದಲೇ ಮದುವೆ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಜಾಸ್ತಿ. ಗುಟ್ಟು ಮಾಡಿರುವುದರಿಂದ ಮಾತ್ರೆ ಬ್ಯಾಗಿನ ತಳ ಸೇರುತ್ತದೆ. ಒಂದು ಹೊತ್ತು ತಪ್ಪುತ್ತದೆ, ಮಾರನೇ ದಿನ ಇನ್ನೊಂದು ಹೊತ್ತು. ಕಾಯಿಲೆ ಹುಡುಗಿಗಿದ್ದರಂತೂ ಮುಗಿದೇಹೋಯಿತು. ಅತ್ತೆಯ ಕಣ್ಣು ತಪ್ಪಿಸಿ ಎಷ್ಟು ದಿನ ಮಾತ್ರೆ ನುಂಗುತ್ತಾಳೆ? 1999ರವರೆಗೆ ಹಿಂದೂ ವಿವಾಹ ಕಾಯ್ದೆಯಲ್ಲೇ ಪದೇಪದೇ ಮೂರ್ಛೆ ಬರುವವರ ಮದುವೆಗೆ ಅಡ್ಡಿ ಇತ್ತು. ಕಾಯ್ದೆಯಿಂದ ಅದನ್ನು ತೆಗೆದರು. ನಮ್ಮವರ ತಲೆಯಿಂದ ಇನ್ನೂ ಹೋಗಿಲ್ಲ.

ಇನ್ನು ವಾಟ್ಸಾಪ್ ಓದಿಕೊಂಡು ಬರುವವರು. ‘ಮದುವೆಯಾದವರು ಜಾಸ್ತಿ ದಿನ ಬದುಕ್ತಾರಂತಲ್ಲ ಮೇಡಂ, ರಿಸರ್ಚ್ ಆಗಿದೆಯಂತೆ.’ ಆಗಿದೆ, ಸ್ವಾಮಿ. 1858ರಲ್ಲೇ ವಿಲಿಯಂ ಫಾರ್ ಎಂಬ ಇಂಗ್ಲಿಷ್ ವೈದ್ಯ ಫ್ರಾನ್ಸಿನ ಜನನ ಮರಣದ ಲೆಕ್ಕ ಹಿಡಿದು ಇದನ್ನು ಬರೆದಿದ್ದ. ಆದರೆ ಗಟ್ಟಿಯಾಗಿರುವವರಿಗೇ ಮದುವೆಯಾಗುವುದೂ ಸುಲಭ, ಅಲ್ವಾ? ಹುಡುಗಿ ಕುಂಟ್ತಾಳಾ, ಕಿವಿ ಕೇಳುತ್ತಾ ಅಂತ ನಡೆಸಿ, ಹಾಡಿಸಿ ನೋಡಿದ ಜನ ನಾವು. ಕಾಯಿಲೆಯವರನ್ನು ಮೊದಲೇ ಸೋಸಿ ಆಚೆ ಇಟ್ಟು, ಉಳಿದವರ ಆರೋಗ್ಯವನ್ನೆಲ್ಲ ತಾಳಿಯ ಲೆಕ್ಕಕ್ಕೆ ಬರೆದರೆ ಹೇಗೆ?

ಲಾಭವೇ ಇಲ್ಲ ಅಂತಲ್ಲ. ಇದೆ. ಅದು ಹೇಗೆ ಬರುತ್ತದೆ ಅನ್ನುವುದನ್ನು ನನ್ನ ಟೇಬಲ್ಲಿನ ಎದುರೇ ನೋಡುತ್ತೇನೆ. ಗಂಡ ಹೆಂಡತಿ ಬರುತ್ತಾರೆ. ಸ್ಟೂಲಿನ ಮೇಲೆ ಗಂಡ, ಹಿಂದೆ ನಿಂತವಳು ಹೆಂಡತಿ. ಅವಳ ಕೈಯಲ್ಲಿ ಸೀರೆ ಅಂಗಡಿಯ ಬ್ಯಾಗು. ಒಳಗೆ ಅವನ ಇಸಿಜಿ, ಹಳೇ ಚೀಟಿಗಳು, ಮುಗಿದ ಮಾತ್ರೆಗಳ ಖಾಲಿ ಪಟ್ಟಿ. ಯಾವ ಮಾತ್ರೆ ತಗೊಳ್ತಾ ಇದೀರಿ ಅಂದರೆ ಅವನು ಹಿಂದಕ್ಕೆ ತಿರುಗಿ ಅವಳ ಮುಖ ನೋಡುತ್ತಾನೆ. ‘ಬಿಳಿದು ಬೆಳಿಗ್ಗೆ ಊಟಕ್ಕೆ ಮುಂಚೆ, ಗುಲಾಬಿದು ರಾತ್ರಿ. ಅದನ್ನ ಕೈಗೆ ಕೊಟ್ರೆ ಮಾತ್ರ ನುಂಗ್ತಾರೆ’ ಅನ್ನುತ್ತಾಳೆ. ಅದೇ ಹೆಂಗಸು ತನ್ನ ಮಂಡಿನೋವಿಗೆ ಬಂದಾಗ ಬ್ಯಾಗೂ ಇಲ್ಲ, ಹಿಂದೆ ನಿಲ್ಲುವವರೂ ಇಲ್ಲ. ಬಿಪಿ ನೋಡಿದರೆ ಅವನದಕ್ಕಿಂತ ಜಾಸ್ತಿ.

ಇಂಗ್ಲೆಂಡಿನಲ್ಲಿ 55 ದಾಟಿದ ವಿಧುರರ ಸಾವಿನ ಲೆಕ್ಕ ಹಾಕಿದ್ದರು. 1969ರ ವರದಿ ಅದು. ಹೆಂಡತಿ ಸತ್ತ ಮೊದಲ ಆರು ತಿಂಗಳಲ್ಲಿ, ಅದೇ ವಯಸ್ಸಿನ ಮದುವೆಯಾದ ಗಂಡಸರಿಗಿಂತ ಇವರಲ್ಲಿ ಸಾವು ಶೇ. 40ರಷ್ಟು ಜಾಸ್ತಿ. ದುಃಖ ಇದ್ದೇ ಇರುತ್ತದೆ. ಆ ಗುಲಾಬಿ ಮಾತ್ರೆಯನ್ನು ಕೈಗೆ ಕೊಡುವವರು ಇಲ್ಲದ್ದೂ ಅದರಲ್ಲಿ ಸೇರಿರಬೇಕು ಅಂತ ನನ್ನ ಅನುಮಾನ.

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ: ಬರುವ ಹುಡುಗಿಗೆ ಏನಾಗುತ್ತೆ ಡಾಕ್ಟ್ರೇ?

ಬಿಪಿ ಮಾತ್ರೆ ಬರೆದರೆ ಸೈಡ್ ಎಫೆಕ್ಟ್ ಇದೆಯಾ ಅಂತ ಮೂರು ಸಲ ಕೇಳುವವರು, ಕುಡುಕ ಮಗನಿಗೆ ಹೆಣ್ಣು ತರುವಾಗ ಅದನ್ನು ಕೇಳುವುದಿಲ್ಲ. ಅಮೆರಿಕದ ಒಹಾಯೊದಲ್ಲಿ ಗಂಡ ಹೆಂಡತಿಯರ ತೋಳಿನ ಮೇಲೆ ಸಣ್ಣ ಗುಳ್ಳೆ ಎಬ್ಬಿಸಿ, ಅವರನ್ನು ಮಾತಿಗೆ ಕೂರಿಸಿ, ಗಾಯ ಎಷ್ಟು ಬೇಗ ಮಾಯುತ್ತದೆ ಅಂತ ನೋಡಿದರು. ಮಾತಿನಲ್ಲಿ ಹಗೆ ಜಾಸ್ತಿ ಇದ್ದ ಜೋಡಿಗಳಲ್ಲಿ ಗಾಯ ತುಂಬಾ ನಿಧಾನವಾಗಿ ಮಾಯಿತು. 2005ರಲ್ಲಿ ಬಂದ ಅಧ್ಯಯನ. ಅದು ಬರೀ ಮಾತಿನ ಜಗಳ. ನಮ್ಮಲ್ಲಿ ಕೈಯೂ ಏಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಶೇ. 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ದೇಶದ ಲೆಕ್ಕ ಶೇ. 29. ಇದರಲ್ಲಿ ನಾವೇ ಮುಂದೆ.

ಇಲ್ಲಿಗೆ ಬರುವಷ್ಟರಲ್ಲಿ ಯಾರೋ ಒಬ್ಬರು ‘ಮೇಡಂಗೆ ಮದುವೆ ಅಂದ್ರೆ ಆಗಲ್ಲ ಅನ್ಸುತ್ತೆ’ ಅನ್ನುತ್ತಾರೆ. ನನಗೂ ಮದುವೆಯಾಗಿದೆ. ನನ್ನ ಥೈರಾಯ್ಡ್ ಮಾತ್ರೆ ಎಷ್ಟು ಮೈಕ್ರೋಗ್ರಾಂ ಅಂತ ಗಂಡನಿಗೆ ಗೊತ್ತು. ಅವರ ಕೊಲೆಸ್ಟ್ರಾಲ್ ನನಗೆ ಗೊತ್ತು, ರಾತ್ರಿ ಡಬ್ಬ ತೆಗೆದು ಹಪ್ಪಳ ತಿನ್ನುವುದೂ ಗೊತ್ತು.

ಮಗ ಕುಡಿಯುತ್ತಾನಾ? ಅದಕ್ಕೆ ಚಿಕಿತ್ಸೆ ಇದೆ. ದಿನಾ ಕುಡಿಯುವವನಿಗೆ ದೇವರ ಮೇಲೆ ಆಣೆ ಹಾಕಿಸಿ ಏಕಾಏಕಿ ಬಿಡಿಸಬೇಡಿ, ಕೈ ನಡುಗಿ ಫಿಟ್ಸ್ ಬರಬಹುದು. ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ. ತಮ್ಮ ಒಬ್ಬನೇ ನಗುತ್ತಾನಾ? ಮನೋವೈದ್ಯರ ಹತ್ತಿರ ಹೋಗಿ. ಎಲ್ಲಿಗೆ ಅಂತ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗಳ ಹೊಟ್ಟೆನೋವಿಗೆ ಒಂದು ಸ್ಕ್ಯಾನ್ ಮಾಡಿಸಿ.

ಆಮೇಲೂ ಮದುವೆ ಮಾಡಬೇಕು ಅನ್ನಿಸಿದರೆ ಮಾಡಿ. ಆದರೆ ಕಾಯಿಲೆ ಏನು, ಮಾತ್ರೆ ಏನು ಅನ್ನುವುದನ್ನು ಹುಡುಗಿಯ ಅಪ್ಪನಿಗೆ ಹೇಳಿ ಬರಬೇಡಿ. ಹುಡುಗಿಗೇ ಹೇಳಿ. ಬೇಕಾದರೆ ಅವಳನ್ನು ನನ್ನ ಕ್ಲಿನಿಕ್ಕಿಗೆ ಕಳಿಸಿ, ಫೀಸ್ ಬೇಡ. ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ.